ಹತ್ತು ಮೀಟರ್ ಎತ್ತರದ ಯಂತ್ರಕ್ಕೆ ತೂಕ ಎಲ್ಲಿಂದ ಬರುತ್ತದೆ?

ಮೈಸೂರಿನ ಕಿರುರಂಗಮಂದಿರದಲ್ಲಿ ಗೇಮ್, ಅನಿಮೇಷನ್, ಧ್ವನಿ ವಿನ್ಯಾಸದಲ್ಲಿ ಆಸಕ್ತಿ ಇರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ, ದೈತ್ಯ ಯುದ್ಧಯಂತ್ರವೊಂದು ನಡೆದು ಬರುವ ಗೇಮಿನ ಒಂದೇ ತುಣುಕನ್ನು ಎರಡು ಸಲ ಹಾಕಿದೆ. ಮೊದಲ ಸಲ ಸದ್ದು ಪೂರ್ತಿ ಬಂದ್. ಎರಡನೇ ಸಲ ಪ್ರೊಜೆಕ್ಟರಿಗೆ ರಟ್ಟು ಅಡ್ಡ ಹಿಡಿದು ಸದ್ದು ಮಾತ್ರ ಕೇಳಿಸಿದೆ. ಮೊದಲ ಸಲ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಬಣ್ಣ, ಹೊಳಪು, ತುಕ್ಕು, ಗೀಚು ಎಲ್ಲವೂ ಅಚ್ಚುಕಟ್ಟಾಗಿದ್ದರೂ ಆ ಯಂತ್ರವನ್ನು ಅಂಗೈ ಮೇಲೆ ಎತ್ತಿಡಬಹುದು ಅನ್ನುವಷ್ಟು ಹಗುರವಾಗಿ ಕಂಡಿತು. ಎರಡನೇ ಸಲ ಪರದೆ ಖಾಲಿ ಇತ್ತು, ಯಾರೂ ನಗಲಿಲ್ಲ. ಯಂತ್ರ ಯಾವ ಕಡೆಯಿಂದ ಬರುತ್ತಿದೆ, ಮಣ್ಣಿನ ಮೇಲೆ ನಡೆಯುತ್ತಿದೆಯೋ ಕಾಂಕ್ರೀಟಿನ ಮೇಲೋ, ಹೆಗಲ ಮೇಲೆ ಏನಾದರೂ ಹೊತ್ತಿದೆಯೋ ಇಲ್ಲವೋ ಅಂತ ಕೇಳಿದಾಗ ಬಹುತೇಕ ಎಲ್ಲರೂ ಸರಿಯಾಗಿ ಹೇಳಿದಿರಿ.

ಮೆಕ್ ಅಂದರೆ ಒಳಗೆ ಮನುಷ್ಯ ಕೂತು ನಡೆಸುವ, ಕೈಕಾಲು ಇರುವ ಯುದ್ಧಯಂತ್ರ. ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪ, ಚಿತ್ರಕಲೆ ಓದುತ್ತಿರುವವರು ಈ ಸಭೆಯಲ್ಲಿದ್ದೀರಿ, ಎಂಜಿನಿಯರಿಂಗ್ ಓದುತ್ತಿರುವವರಿದ್ದೀರಿ, ಗೇಮನ್ನೇ ಆಡದವರೂ ಇದ್ದೀರಿ. ಆಡದವರಿಗೆ ತಿಳಿಯದಂಥದ್ದು ಇದರಲ್ಲಿ ಏನೂ ಇಲ್ಲ. ನಾನು ಧ್ವನಿ ವಿನ್ಯಾಸದ ಕೆಲಸ ಮಾಡುವವನು, ಆದ್ದರಿಂದ ಮಾತು ಕಿವಿಯ ಕಡೆಗೇ ಹೆಚ್ಚು ಎಳೆಯುತ್ತದೆ. ಅದನ್ನು ಬೇಕೆಂದೇ ಮಾಡುತ್ತಿದ್ದೇನೆ. ಇಂಥ ಗೇಮುಗಳ ಬಗ್ಗೆ ಬರೆಯುವವರು ಗ್ರಾಫಿಕ್ಸಿಗೆ ನಾಲ್ಕು ಪುಟ ಕೊಟ್ಟು ಸದ್ದಿಗೆ ನಾಲ್ಕು ಸಾಲು ಕೊಡುವುದನ್ನು ನೋಡಿ ನೋಡಿ ಬೇಸರವಾಗಿದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಕಂಪ್ಯೂಟರಿನೊಳಗಿನ ಯಂತ್ರಕ್ಕೆ ತೂಕವೇ ಇಲ್ಲ. ಅದು ಒಂದಷ್ಟು ತ್ರಿಕೋನಗಳು, ಮೇಲೆ ಒಂದಷ್ಟು ಬಣ್ಣ. ಅದಕ್ಕೆ ನೂರು ಟನ್ ತೂಕ ಬರುವುದು ಕಾಲದಿಂದ. ಯಾವುದು ಮೊದಲು ಆಗುತ್ತದೆ, ಯಾವುದು ಆಮೇಲೆ, ಎರಡರ ನಡುವೆ ಎಷ್ಟು ತಡ ಅನ್ನುವುದರಲ್ಲಿ ತೂಕ ಹುಟ್ಟುತ್ತದೆ. ಚಿತ್ರ ಮಾಡುವವರೂ ಸದ್ದು ಮಾಡುವವರೂ ಈ ತಡವನ್ನು ಒಟ್ಟಿಗೆ ಕೂತು ಲೆಕ್ಕ ಹಾಕಿದರೆ ಮಾತ್ರ ನೋಡುವವನ ಮೈ ಅದನ್ನು ನಂಬುತ್ತದೆ.

ಮೊದಲು ಸ್ವಲ್ಪ ಭೌತಶಾಸ್ತ್ರ. ಪಿಯುಸಿಯಲ್ಲಿ ಲೋಲಕದ ಪಾಠ ಓದಿದ್ದೀರಿ. ದಾರ ನಾಲ್ಕು ಪಟ್ಟು ಉದ್ದವಾದರೆ ಲೋಲಕ ಒಮ್ಮೆ ತೂಗಾಡಲು ಎರಡು ಪಟ್ಟು ಸಮಯ ತೆಗೆದುಕೊಳ್ಳುತ್ತದೆ, ಅಂದರೆ ಉದ್ದದ ವರ್ಗಮೂಲದಷ್ಟು. ನಡೆಯುವಾಗ ನಮ್ಮ ಕಾಲೂ ಹೆಚ್ಚು ಕಡಿಮೆ ಒಂದು ಲೋಲಕ. ನನ್ನ ಎತ್ತರ 1.7 ಮೀಟರ್ ಅಂದುಕೊಳ್ಳಿ, ಆರಾಮವಾಗಿ ನಡೆದರೆ ಒಂದು ಹೆಜ್ಜೆಗೆ ಸುಮಾರು ಅರ್ಧ ಸೆಕೆಂಡ್ ಬೇಕು. ಯಂತ್ರದ ಎತ್ತರ 10 ಮೀಟರ್ ಆದರೆ ಅದು ನನಗಿಂತ ಸುಮಾರು ಆರು ಪಟ್ಟು ದೊಡ್ಡದು. ಆರರ ವರ್ಗಮೂಲ 2.4ರ ಹತ್ತಿರ. ಹಾಗಾದರೆ ಆ ಯಂತ್ರದ ಒಂದು ಹೆಜ್ಜೆಗೆ ಒಂದೂಕಾಲು ಸೆಕೆಂಡ್ ಹಿಡಿಯಬೇಕು. ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ ಹಾಕಿಸಿದಿರೋ, ಮೈಮೇಲೆ ಎಷ್ಟೇ ಬೋಲ್ಟು ನಟ್ಟು ಬರೆದರೂ ಅದು ಲೋಹದ ಬಣ್ಣ ಬಳಿದುಕೊಂಡ ಮನುಷ್ಯನಾಗಿಯೇ ಕಾಣುತ್ತದೆ. ಸಿನಿಮಾದಲ್ಲಿ ಪುಟ್ಟ ಮಾದರಿ ಕಟ್ಟಿ ದೊಡ್ಡ ಅಣೆಕಟ್ಟು ಒಡೆಯುವ ದೃಶ್ಯ ತೆಗೆಯುವವರು ಇದೇ ಲೆಕ್ಕವನ್ನು ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಮಾದರಿ ಆರನೇ ಒಂದು ಅಳತೆಯದಾದರೆ ಸೆಕೆಂಡಿಗೆ 24ರ ಬದಲು 59ರ ಆಸುಪಾಸಿನಲ್ಲಿ ಫ್ರೇಮ್ ತೆಗೆದು, ಮತ್ತೆ 24ರ ವೇಗದಲ್ಲಿ ತೋರಿಸುತ್ತಾರೆ. ನೀರು ಆಗ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಬೀಳುತ್ತದೆ.

ಈಗ ಒಂದೇ ಒಂದು ಹೆಜ್ಜೆಯನ್ನು ಬಿಡಿಸಿ ನೋಡೋಣ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಇಡೀ ವಿದ್ಯೆ ಇಲ್ಲೇ ಇದೆ.

ಕಾಲು ಮೇಲೇಳುವಾಗ ಮೊಣಕಾಲಿನ ಮೋಟರಿನ ಸದ್ದು ಏರುತ್ತದೆ, ಸುಮಾರು 400 ಮಿಲಿಸೆಕೆಂಡ್. ಕಾಲು ತುತ್ತತುದಿಗೆ ಹೋದಾಗ 100 ಮಿಲಿಸೆಕೆಂಡ್ ಏನೂ ಕೇಳಿಸಬಾರದು. ಈ ಮೌನವನ್ನು ಹೊಸಬರು ಬಿಟ್ಟುಬಿಡುತ್ತಾರೆ, ಖಾಲಿ ಜಾಗ ಕಂಡರೆ ತುಂಬಿಸಬೇಕು ಅನ್ನಿಸುತ್ತದೆ. ಆದರೆ ಬೀಳಲಿರುವುದು ಭಾರವಾದದ್ದು ಅಂತ ಕಿವಿಗೆ ತಿಳಿಯುವುದು ಈ ಕಾಯುವಿಕೆಯಲ್ಲೇ. ಆಮೇಲೆ ಪಾದ ನೆಲ ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲಿ ಕೇಳಬೇಕಾದದ್ದು ‘ಧಡ್’ ಅಲ್ಲ, ‘ಟಕ್’. ಲೋಹದ ಬೆರಳು ಕಲ್ಲಿಗೆ ತಾಗಿದ ಸಣ್ಣ, ಚೂಪಾದ ಸದ್ದು. ‘ಧಡ್’ ಬರುವುದು ಅದಾಗಿ 30, 40 ಮಿಲಿಸೆಕೆಂಡ್ ಆದಮೇಲೆ, 40ರಿಂದ 60 ಹರ್ಟ್ಸ್ ಮಟ್ಟದಲ್ಲಿ, ಅಂದರೆ ತೀರಾ ಕೆಳಗಿನ ಮಂದ್ರದಲ್ಲಿ. ಯಾಕೆಂದರೆ ಪಾದ ತಾಗಿದ ಕ್ಷಣಕ್ಕೇ ಮೈಭಾರ ಆ ಕಾಲಿಗೆ ಇಳಿದಿರುವುದಿಲ್ಲ. ಭಾರ ಇಳಿಯಲು ಹೊತ್ತು ಬೇಕು. ಇಳಿದಮೇಲೆ ಮೊಣಕಾಲು ಬಾಗುತ್ತದೆ, ಹೈಡ್ರಾಲಿಕ್ ಕೊಳವೆ ಕಿರ್ರೆನ್ನುತ್ತದೆ. ಆಮೇಲೆ ಸೊಂಟ. ಆಮೇಲೆ ಹೆಗಲ ಮೇಲಿನ ಕ್ಷಿಪಣಿ ಪೆಟ್ಟಿಗೆ ಅದರ ಕೊಂಡಿಗಳಲ್ಲಿ ಗಡಗಡ ಅಲುಗಾಡುತ್ತದೆ, ಆ್ಯಂಟೆನಾ ಓಲಾಡುತ್ತದೆ. ಕಟ್ಟಕಡೆಗೆ ನೆಲದ ಸರದಿ. ಜಲ್ಲಿ ಸರಿಯುತ್ತದೆ, ಪಕ್ಕದ ಕಟ್ಟಡದ ಗಾಜು ಕಿಣಿಕಿಣಿ ಅನ್ನುತ್ತದೆ, ಮಣ್ಣು ಉದುರುತ್ತದೆ. ಮುಂದಿನ ಕಾಲು ಮೇಲೆದ್ದಾಗಲೂ ಹಿಂದಿನ ಹೆಜ್ಜೆಯ ಮಣ್ಣು ಇನ್ನೂ ಉದುರುತ್ತಿರಬೇಕು.

ಚಿತ್ರದಲ್ಲೂ ಇದೇ ಸರದಿ ನಡೆಯಬೇಕು. ಬೆರಳು, ಮೊಣಕಾಲು, ಸೊಂಟ, ಹೆಗಲು, ಆ್ಯಂಟೆನಾ, ದೂಳು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಪಾದಕ್ಕೂ ಹೆಗಲಿಗೂ ನಡುವೆ ಎಂಟು ಹತ್ತು ಫ್ರೇಮ್ ಅಂತರ ಕೊಟ್ಟು ನೋಡಿ, ಮಾದರಿಯನ್ನು ಮುಟ್ಟದೆಯೇ ಯಂತ್ರ ಇಮ್ಮಡಿ ಭಾರವಾಗುತ್ತದೆ. ಎಲ್ಲವೂ ಒಂದೇ ಫ್ರೇಮಿನಲ್ಲಿ ನಿಂತರೆ ಅದು ಟೊಳ್ಳು ಡಬ್ಬ.

ಇಲ್ಲಿ ದಸರಾ ಆನೆಯ ಮಾತು ತೆಗೆಯಲೇಬೇಕು, ಮೈಸೂರಿನಲ್ಲಿ ನಿಂತು ತೂಕದ ಬಗ್ಗೆ ಮಾತಾಡುವಾಗ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಅಭಿಮನ್ಯುವಿನ ತೂಕ ಐದು ಸಾವಿರ ಕಿಲೋಗೂ ಹೆಚ್ಚು. ಅವನ ಮೇಲೆ 750 ಕಿಲೋ ಚಿನ್ನದ ಅಂಬಾರಿ. ಅರಮನೆಯಿಂದ ಬನ್ನಿಮಂಟಪದ ದಾರಿಯಲ್ಲಿ ನಿಂತು ನೋಡಿದವರು ನೆನಪು ಮಾಡಿಕೊಳ್ಳಿ. ಕಾಲಿನ ಸದ್ದು ಕೇಳಿಸಿತೇ? ಇಲ್ಲ. ಆನೆಯ ಅಂಗಾಲಿನಲ್ಲಿ ದಪ್ಪ ಮೆತ್ತೆ ಇದೆ, ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ, ಸದ್ದೆಲ್ಲ ಆ ಮೆತ್ತೆಯಲ್ಲೇ ಇಂಗಿಹೋಗುತ್ತದೆ. ಕೇಳಿಸುವುದು ಗಂಟೆ, ಸರಪಳಿ, ಪೊಲೀಸ್ ಬ್ಯಾಂಡು, ಜನ. ಆದರೂ ಅದು ಭಾರವಾದ ಜೀವ ಅನ್ನುವುದರಲ್ಲಿ ನಮಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಪಾದ ಅಗಲವಾಗುವುದನ್ನು ಕಣ್ಣು ಹಿಡಿಯುತ್ತದೆ. ಅಂಬಾರಿಯ ನೆತ್ತಿ ಒಂದು ಕಡೆಗೆ ವಾಲಿ ಮೆಲ್ಲಗೆ ಹಿಂದಕ್ಕೆ ಬರುವುದನ್ನು ಕಣ್ಣು ಹಿಡಿಯುತ್ತದೆ. ಇನ್ನೊಂದು ವಿಷಯ, ಆನೆ ಎಷ್ಟೇ ಜೋರಾಗಿ ಓಡಿದರೂ ಅದರ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ನಾಲ್ಕು ಕಾಲಿನ ಮೆಕ್ ಅನಿಮೇಷನ್ ಮಾಡುವವರು ಕುದುರೆಯ ಓಟವನ್ನು ಎತ್ತಿ ತಂದು ಕೂರಿಸುತ್ತಾರೆ, ಅಲ್ಲಿಗೆ ಭಾರ ಹೋಯಿತು. ದಸರೆಗೆ ಮುಂಚೆ ಮರಳು ಮೂಟೆ ಹೊರಿಸಿ, ಮರದ ಅಂಬಾರಿ ಕಟ್ಟಿ ಭಾರ ಹೊರುವ ತಾಲೀಮು ಮಾಡಿಸುತ್ತಾರಲ್ಲ, ಅನಿಮೇಷನ್ ಕಲಿಯುವವರು ಆಗ ಹೋಗಿ ನಿಂತು ನೋಡಬೇಕು. ಅದೇ ಆನೆ, ಅದೇ ರಸ್ತೆ, ಒಂದು ದಿನ ಭಾರ ಇಲ್ಲದೆ, ಇನ್ನೊಂದು ದಿನ ಭಾರ ಹೊತ್ತು. ಇಂಥ ಹೋಲಿಕೆ ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ.

ತಾಲೀಮಿನಲ್ಲಿ ಫಿರಂಗಿ ಸಿಡಿಸುವುದೂ ಇದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವಾಗ ಆನೆ, ಕುದುರೆ ಬೆದರಬಾರದೆಂದು ಮೊದಲೇ ಸದ್ದಿಗೆ ಒಗ್ಗಿಸುತ್ತಾರೆ. ದೂರ ನಿಂತು ನೋಡಿದರೆ ಮೊದಲು ಬೆಂಕಿ ಮತ್ತು ಹೊಗೆ, ಆಮೇಲೆ ಸದ್ದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, 170 ಮೀಟರ್ ಆಚೆ ನಿಂತಿದ್ದರೆ ಅರ್ಧ ಸೆಕೆಂಡ್ ತಡ. ನಮ್ಮ ಮಿದುಳು ಹುಟ್ಟಿದಾಗಿನಿಂದ ಇದಕ್ಕೆ ಒಗ್ಗಿಕೊಂಡಿದೆ. ಅದಕ್ಕೇ ಸದ್ದು ಚಿತ್ರಕ್ಕಿಂತ ತಡವಾಗಿ ಬಂದರೆ ಸಹಿಸಿಕೊಳ್ಳುತ್ತದೆ, ಮೊದಲೇ ಬಂದರೆ ಕೂಡಲೇ ಹಿಡಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿವಿ ಪ್ರಸಾರಕ್ಕಾಗಿ ಕೊಟ್ಟಿರುವ ಅಳತೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುವವನಿಗೆ ಗೊತ್ತಾಗುತ್ತದೆ, ಹಿಂದಾದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ಮೆಕ್ ಗೇಮ್ ಮಾಡುವವನಿಗೆ ಈ 125 ಮಿಲಿಸೆಕೆಂಡ್ ಒಂದು ಕೊಡುಗೆ. ಅದರೊಳಗೆ ‘ಟಕ್’ ಇಡಬಹುದು, ‘ಧಡ್’ ಇಡಬಹುದು, ಮೊಣಕಾಲಿನ ಕಿರ್ರು ಇಡಬಹುದು. ದೂರದ ಫಿರಂಗಿಗೆ ಇನ್ನೂ ಹೆಚ್ಚು ತಡ ಕೊಡಿ, ದೂರ ಎಷ್ಟೆಂದು ಕಣ್ಣಿಗೆ ಹೇಳಿಕೊಡುವುದೇ ಆ ತಡ. ಆಡುವವನ ಕೈಯಲ್ಲಿರುವ ಬಂದೂಕಿಗೆ ಮಾತ್ರ ತಡ ಬೇಡ. ಗುಂಡಿ ಒತ್ತಿದ ತಕ್ಷಣ ಅದು ಸಿಡಿಯಬೇಕು, ಇಲ್ಲದಿದ್ದರೆ ಗೇಮೇ ನಿಧಾನ ಅನ್ನಿಸುತ್ತದೆ.

ಇನ್ನು ಕ್ಯಾಬಿನ್ನಿಗೆ ಬರೋಣ. ಈ ಗೇಮುಗಳಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ನೀವು ಯಂತ್ರದೊಳಗೆ ಕೂತು ಹೊರಗೆ ನೋಡುತ್ತೀರಿ. ಇನ್ನೊಂದರಲ್ಲಿ ಕ್ಯಾಮೆರಾ ಯಂತ್ರದ ಬೆನ್ನ ಹಿಂದೆ ಇರುತ್ತದೆ. ಮೊದಲ ದಾರಿಯಲ್ಲಿ ಹೆಸರು ಮಾಡಿದ್ದು ಮೆಕ್‌ವಾರಿಯರ್ ಸರಣಿ. 1995ರಲ್ಲಿ ಬಂದ ಮೆಕ್‌ವಾರಿಯರ್ 2 ನೋಡಿದರೆ ಇವತ್ತಿನ ಹುಡುಗರಿಗೆ ಚಿತ್ರ ತೀರಾ ಬಡವಾಗಿ ಕಾಣಬಹುದು. ಚಪ್ಪಟೆ ಬಣ್ಣದ ಕೆಲವೇ ತ್ರಿಕೋನಗಳು. ಆದರೆ ಕಾರ್ಯಾಚರಣೆ ಶುರುವಾಗುವಾಗ ಒಂದು ಯಂತ್ರದ ದನಿ, ಯಾವ ಭಾವವೂ ಇಲ್ಲದೆ, ಒಂದೊಂದೇ ವರದಿ ಒಪ್ಪಿಸುತ್ತದೆ. ರಿಯಾಕ್ಟರ್ ಆನ್‌ಲೈನ್. ಸೆನ್ಸರ್ಸ್ ಆನ್‌ಲೈನ್. ವೆಪನ್ಸ್ ಆನ್‌ಲೈನ್. ಆಲ್ ಸಿಸ್ಟಮ್ಸ್ ನಾಮಿನಲ್. ನಾಲ್ಕೇ ಮಾತು. ಒಂದಾದ ಮೇಲೆ ಒಂದು ಎಚ್ಚರವಾಗುವ ಇಷ್ಟೊಂದು ಭಾಗಗಳು ಈ ಯಂತ್ರದಲ್ಲಿವೆ, ಎಲ್ಲವೂ ಒಟ್ಟಿಗೆ ಎಚ್ಚರವಾಗಲಾರದಷ್ಟು ಇದು ದೊಡ್ಡದು ಅಂತ ಆ ನಾಲ್ಕು ಮಾತು ಹೇಳಿಬಿಡುತ್ತವೆ. ಪರದೆಯ ಮೇಲೆ ತೋರಿಸಲಾಗದ ಗಾತ್ರವನ್ನು ಕಿವಿಯಲ್ಲಿ ಕಟ್ಟಿದರು. ಇದನ್ನು ನಾನು ಧ್ವನಿ ವಿನ್ಯಾಸದ ದೊಡ್ಡ ಕೆಲಸಗಳಲ್ಲಿ ಒಂದು ಅಂತ ಎಣಿಸುತ್ತೇನೆ.

ಕ್ಯಾಪ್ಕಾಮ್‌ನವರು 2002ರಲ್ಲಿ ತಂದ ಸ್ಟೀಲ್ ಬೆಟಾಲಿಯನ್ ಇದೇ ದಾರಿಯಲ್ಲಿ ತುದಿಯವರೆಗೂ ಹೋಯಿತು. ಅದರ ಜೊತೆ ಕೊಡುತ್ತಿದ್ದ ಕಂಟ್ರೋಲರ್ ಒಂದು ಮೇಜನ್ನೇ ತುಂಬುವಂಥದ್ದು. ಸುಮಾರು 40 ಗುಂಡಿಗಳು, ಎರಡು ಕೋಲು, ಕಾಲಿಗೆ ಮೂರು ಪೆಡಲ್. ಯಂತ್ರ ಶುರು ಮಾಡಲು ಸಾಲಾಗಿ ಸ್ವಿಚ್ ಮೇಲೆತ್ತಬೇಕು. ಪರದೆಗೆ ಕೆಸರು ಹಾರಿದರೆ ತೊಳೆಯಲು ಒಂದು ಗುಂಡಿ, ಬೆಂಕಿ ಹತ್ತಿದರೆ ಆರಿಸಲು ಒಂದು. ಸೋಲುವ ಹೊತ್ತಿಗೆ ಮುಚ್ಚಳ ಎತ್ತಿ ಹೊರಹಾರುವ ಗುಂಡಿ ಒತ್ತದಿದ್ದರೆ ಪೈಲಟ್ ಸತ್ತ, ಅವನ ಜೊತೆ ನಿಮ್ಮ ಸೇವ್, ಅಂದರೆ ಅಲ್ಲಿವರೆಗೆ ಆಡಿ ಉಳಿಸಿಟ್ಟದ್ದು ಕೂಡ ಅಳಿಸಿಹೋಯಿತು. ಎಚ್ಚರಿಕೆಯ ಗಂಟೆ ಬಡಿದಾಗ ಆಟಗಾರನ ಕೈ ನಿಜವಾಗಿ ನಡುಗುವುದಕ್ಕೆ ಇದು ಕಾರಣ. ಆ ಗಂಟೆಯ ಹಿಂದೆ ಕಳೆದುಕೊಳ್ಳುವಂಥದ್ದು ಇದೆ.

ಕ್ಯಾಬಿನ್ನಿನೊಳಗೆ ಸದ್ದಿನ ನಿಯಮವೇ ಬೇರೆ. ದಪ್ಪ ಕವಚ ತಾರಕ ಸದ್ದನ್ನು ತಡೆಯುತ್ತದೆ, ಮಂದ್ರವನ್ನು ಒಳಗೆ ಬಿಡುತ್ತದೆ. ಪಕ್ಕದ ಮನೆಯ ಹಾಡಿನಲ್ಲಿ ತಬಲಾದ ಎಡಗೈ ಮಾತ್ರ ನಿಮಗೆ ಕೇಳಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಹೊರಗಿನ ಸ್ಫೋಟ ಒಳಗೆ ಮಂಕಾಗಿ, ದಪ್ಪವಾಗಿ ಕೇಳಬೇಕು. ನಮ್ಮದೇ ಯಂತ್ರದ ಮೂಳೆಯ ಸದ್ದುಗಳು, ಗೇರು, ಫ್ಯಾನು, ಕೂಲಂಟ್ ಪಂಪು, ಹತ್ತಿರದಲ್ಲಿ ಚೊಕ್ಕವಾಗಿ ಕೇಳಬೇಕು. ರೇಡಿಯೋದಲ್ಲಿ ಬರುವ ದನಿಯನ್ನು ಹಳೆಯ ಟೆಲಿಫೋನಿನ ಹಾಗೆ 300ರಿಂದ 3400 ಹರ್ಟ್ಸ್ ನಡುವೆ ಕತ್ತರಿಸಬೇಕು. ಮೂರನ್ನೂ ಹೀಗೆ ಬೇರೆ ಬೇರೆ ಪದರದಲ್ಲಿಟ್ಟರೆ ಕಣ್ಣು ಮುಚ್ಚಿದರೂ ಒಳಗು ಯಾವುದು, ಹೊರಗು ಯಾವುದು ಗೊತ್ತಾಗುತ್ತದೆ. ಗಾಜು ಒಡೆದಾಗ ತಡೆದಿಟ್ಟ ತಾರಕವನ್ನೆಲ್ಲ ಒಮ್ಮೆಲೇ ಒಳಗೆ ಬಿಡಿ. ಗಾಳಿ, ಗುಂಡು, ಕಿರುಚಾಟ. ಆ ಕ್ಷಣಕ್ಕೆ ಸಂಗೀತವೇ ಬೇಕಾಗುವುದಿಲ್ಲ.

ಎರಡನೇ ದಾರಿಯದು ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಆರ್ಮರ್ಡ್ ಕೋರ್. ಮೊದಲ ಗೇಮ್ 1997ರದು, ಅದರ ಯಂತ್ರಗಳನ್ನು ವಿನ್ಯಾಸ ಮಾಡಿದವರು ಶೋಜಿ ಕವಾಮೊರಿ. 2013ರ ನಂತರ ಸರಣಿ ಹತ್ತು ವರ್ಷ ಸುಮ್ಮನಿತ್ತು. 2023ರ ಆಗಸ್ಟ್ 25ರಂದು ಆರನೆಯದು ಬಂತು. ಮಸಾರು ಯಮಮುರ ನಿರ್ದೇಶನ, ಸಂಗೀತದ ಮುಖ್ಯ ಹೊಣೆ ಕೋಟಾ ಹೋಶಿನೋ ಅವರದು. ಇವತ್ತು ಹಾಕಿದ ತುಣುಕು ಅದರದೇ.

ನಾನು ಇಲ್ಲಿವರೆಗೆ ಹೇಳಿದ್ದಕ್ಕೆಲ್ಲ ಈ ಗೇಮ್ ತಿರುಗೇಟು ಕೊಡುತ್ತದೆ, ಅದಕ್ಕೇ ಅದು ನನಗೆ ಇಷ್ಟ. ಇದರ ಯಂತ್ರಗಳು ನಿಧಾನ ನಡೆಯುವುದು ಕಡಿಮೆ. ಬೆನ್ನಿನ ಬರ್ನರ್ ಹೊತ್ತಿಸಿಕೊಂಡು ನೆಲದ ಮೇಲೆ ಜಾರುತ್ತವೆ, ಚಿಟಿಕೆ ಹೊಡೆಯುವಷ್ಟರಲ್ಲಿ ಪಕ್ಕಕ್ಕೆ ಚಿಮ್ಮುತ್ತವೆ, ಹಾರುತ್ತವೆ. ಲೋಲಕದ ಲೆಕ್ಕದ ಪ್ರಕಾರ ಇವು ಹಗುರವಾಗಿ ಕಾಣಬೇಕಿತ್ತು. ಕಾಣುವುದಿಲ್ಲ. ವೇಗಕ್ಕೆ ಬಿಟ್ಟುಕೊಟ್ಟ ತೂಕವನ್ನು ಅವರು ಬೇರೆ ಜಾಗಗಳಲ್ಲಿ ವಸೂಲಿ ಮಾಡಿದ್ದಾರೆ.

ಒಂದು ಜಾಗ ಆಯುಧ. ಎರಡು ಕಾಲಿನ ಯಂತ್ರ ಬಝೂಕಾ ಅಥವಾ ಬೆನ್ನಿನ ದೊಡ್ಡ ಫಿರಂಗಿ ಹಾರಿಸಬೇಕಾದರೆ ಓಟ ನಿಲ್ಲಿಸಿ ಕಾಲೂರಬೇಕು. ಗುಂಡು ಹೋದಮೇಲೆ ಮೈ ಹಿಂದಕ್ಕೆ ಒದೆಯುತ್ತದೆ. ಟ್ಯಾಂಕಿನ ಪಟ್ಟಿ ಹಾಕಿಕೊಂಡ ಯಂತ್ರಕ್ಕೆ ಈ ತೊಂದರೆ ಇಲ್ಲ, ಓಡುತ್ತಲೇ ಹಾರಿಸಬಹುದು. ಇದು ಆಟದ ನಿಯಮವೂ ಹೌದು, ಚಿತ್ರವೂ ಹೌದು, ಸದ್ದೂ ಹೌದು. ಜಾರುವ ಬರ್ನರ್ ಸದ್ದು ಪಕ್ಕನೆ ಕಡಿದು, ಕಾಲೂರಿದ ಸದ್ದು, ಆಮೇಲೆ ಫಿರಂಗಿ. ಓಟ ನಿಲ್ಲಿಸುವಷ್ಟು ಭಾರ ಆ ಗುಂಡಿಗಿದೆ ಅಂತ ಬೆರಳಿಗೂ ಗೊತ್ತಾಗುತ್ತದೆ.

ಇನ್ನೊಂದು ಜಾಗ ಏಟು ತಿನ್ನುವುದು. ಪ್ರತಿ ಏಟಿಗೂ ಒಂದು ಮಾಪಕ ತುಂಬುತ್ತ ಹೋಗುತ್ತದೆ. ಪೂರ್ತಿ ತುಂಬಿದಾಗ ಯಂತ್ರ ಸಮತೋಲ ಕಳೆದುಕೊಂಡು ಕೆಲವು ಕ್ಷಣ ಸ್ತಬ್ಧವಾಗುತ್ತದೆ, ಆಗ ಬಿದ್ದ ಏಟು ಬಲವಾಗಿ ನಾಟುತ್ತದೆ. ಅಷ್ಟು ಹೊತ್ತು ಗಾಳಿಯಂತೆ ಹಾರಾಡುತ್ತಿದ್ದ ಯಂತ್ರ ಆ ಕೆಲವು ಕ್ಷಣ ಬರೀ ಕಬ್ಬಿಣವಾಗಿ ನಿಲ್ಲುತ್ತದೆ. ಪೈಲ್ ಬಂಕರ್ ಅನ್ನುವ ಆಯುಧ ಇದೆ, ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ಕಬ್ಬಿಣದ ಗೂಟವೊಂದನ್ನು ಎದುರಾಳಿಗೆ ಚುಚ್ಚುವಂಥದ್ದು. ಪೂರ್ತಿ ಬಲ ಕೂಡಿಸಿ ಹೊಡೆಯುವಾಗ ಮೊದಲು ಕೈ ಹಿಂದಕ್ಕೆ ಹೋಗುತ್ತದೆ. ಆ ಹಿಂದೆಗೆತದಲ್ಲಿ ಆಗಲೇ ಹೇಳಿದೆನಲ್ಲ, ಕಾಲು ತುದಿಗೆ ಹೋದಾಗಿನ ಕಾಯುವಿಕೆ, ಅದೇ ಇದೆ.

ಮೂರನೆಯದು ಪಕ್ಕದಲ್ಲಿ ಏನಿದೆ ಅನ್ನುವುದು. ಮೊದಲ ಅಧ್ಯಾಯದಲ್ಲೇ ಸ್ಟ್ರೈಡರ್ ಅನ್ನುವ ನಡೆದಾಡುವ ಬೃಹತ್ ಗಣಿಯಂತ್ರ ಎದುರಾಗುತ್ತದೆ. ಅದರ ಒಂದು ಕಾಲಿನ ಬುಡದಲ್ಲಿ ನಿಂತಾಗ ನಿಮ್ಮ ಯಂತ್ರ ಹುಳುವಿನಷ್ಟು. ಅಷ್ಟು ದೊಡ್ಡದು ಅಂತ ಹೇಳಲು ಅವರು ಬಳಸಿರುವುದು ಚಿತ್ರಕಾರರು ಶತಮಾನಗಳಿಂದ ಬಳಸಿದ ಉಪಾಯಗಳನ್ನೇ. ದೂರದ ಭಾಗ ಮಂಜಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಹತ್ತಿರದ ಭಾಗದಲ್ಲಿ ಮನುಷ್ಯರಿಗೆಂದು ಮಾಡಿದ ಕಟಕಟೆ, ಏಣಿ, ಬಾಗಿಲು ಇರುತ್ತವೆ. ಒಂದು ಪುಟ್ಟ ಕಟಕಟೆ ಬರೆಯಿರಿ, ಪಕ್ಕದ ಗೋಡೆ ತಾನಾಗಿ ನೂರು ಮೀಟರ್ ಆಗುತ್ತದೆ. ಟೈಟನ್‌ಫಾಲ್ 2 ಅನ್ನುವ ಗೇಮ್ ಇದನ್ನೇ ಇನ್ನೊಂದು ರೀತಿ ಮಾಡುತ್ತದೆ. ಅಲ್ಲಿ ನೀವು ಮೊದಲು ಪುಟ್ಟ ಮನುಷ್ಯನಾಗಿ ಗೋಡೆಯ ಮೇಲೆಲ್ಲ ಓಡಾಡಿ, ಆಮೇಲೆ ಯಂತ್ರದೊಳಗೆ ಹತ್ತಿ ಕೂರುತ್ತೀರಿ, ಅದೇ ನೆಲ ಕೆಳಗಾಗುತ್ತದೆ.

ಆರ್ಮರ್ಡ್ ಕೋರ್ 6ರಲ್ಲಿ ನನ್ನನ್ನು ಬಹಳ ಕಾಡಿದ್ದು ಇನ್ನೊಂದು. ಎದುರಾಳಿಯಾಗಲಿ ಜೊತೆಗಾರನಾಗಲಿ ಮಾತಾಡುವಾಗ ಮುಖ ತೋರಿಸುವುದಿಲ್ಲ. ಪರದೆಯ ಮೇಲೆ ಅವರ ಲಾಂಛನ ಮತ್ತು ಹೆಸರು, ಕಿವಿಯಲ್ಲಿ ಅವರ ದನಿ, ಅಷ್ಟೇ. ನಿಮ್ಮನ್ನು ಕಳಿಸುವ ವಾಲ್ಟರ್ ನಿಮ್ಮನ್ನು ಕರೆಯುವುದು ‘621’ ಅನ್ನುವ ಸಂಖ್ಯೆಯಿಂದ. ಅವನ ದನಿ ಯಾವತ್ತೂ ಏರುವುದಿಲ್ಲ, ಆದರೂ ಆಟ ಮುಂದುವರಿದ ಹಾಗೆ ಆ ಸಂಖ್ಯೆಯನ್ನು ಉಚ್ಚರಿಸುವುದರಲ್ಲೇ ಒಂದು ಮಮತೆ ಕೇಳತೊಡಗುತ್ತದೆ. ಕಣ್ಣಿಗೆ ಯಂತ್ರ ಮಾತ್ರ, ಮನುಷ್ಯ ಇರುವುದು ಕಿವಿಯಲ್ಲಿ ಮಾತ್ರ ಅನ್ನುವ ಈ ಹಂಚಿಕೆ ಬಹಳ ಧೈರ್ಯದ್ದು. ನಟರ ಮುಖ ಅನಿಮೇಟ್ ಮಾಡಲು ಕೋಟಿಗಟ್ಟಲೆ ಸುರಿಯುವ ಕಾಲದಲ್ಲಿ ಹೀಗೆ ಮಾಡಿದರು. ಕಥೆಗೆ ಅದರಿಂದ ನಷ್ಟವಾಯಿತು ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ.

ಯುದ್ಧ ಗದ್ದಲದಲ್ಲಿ ಆ ದನಿ ಹೇಗೆ ಕೇಳಿಸುತ್ತದೆ? ಅದು ಮಿಕ್ಸಿಂಗ್ ಕೆಲಸ, ಅಂದರೆ ಯಾವ ಸದ್ದು ಎಷ್ಟು ಜೋರು ಅಂತ ಹದ ಮಾಡುವುದು. ಇದೇ ಗೇಮಿನ ಮೊದಲ ಅಧ್ಯಾಯದ ಕೊನೆಯಲ್ಲಿ ಬಾಲ್ಟಿಯಸ್ ಅನ್ನುವ ಶತ್ರುಯಂತ್ರದ ಜೊತೆಗಿನ ಕಾದಾಟ ತೆಗೆದುಕೊಳ್ಳಿ. ಸುತ್ತ ಬಳೆಯಂತೆ ಕ್ಷಿಪಣಿಗಳು ಹೊರಡುತ್ತವೆ. ಅಷ್ಟಕ್ಕೂ ಅಷ್ಟೇ ಜೋರು ಸದ್ದು ಕೊಟ್ಟರೆ ಕಿವಿಗೆ ಕೇಳುವುದು ಬರೀ ಗೊರಗೊರ. ಆದ್ದರಿಂದ ಗೇಮಿನೊಳಗೆ ಪ್ರತಿ ಸದ್ದಿಗೂ ಒಂದು ಸ್ಥಾನಮಾನ ಇರುತ್ತದೆ. ಅಪಾಯದ ಎಚ್ಚರಿಕೆ ಎಲ್ಲಕ್ಕಿಂತ ಮೇಲೆ, ಆಮೇಲೆ ಮಾತು, ನಮ್ಮ ಆಯುಧ, ಹತ್ತಿರದ ಶತ್ರು, ಕೊನೆಗೆ ಉಳಿದದ್ದು. ಮೇಲಿನವರು ಬಂದಾಗ ಕೆಳಗಿನವರು ತಾವಾಗಿ ತಗ್ಗುತ್ತಾರೆ. ಆರು ಡೆಸಿಬೆಲ್ ತಗ್ಗಿಸಿದರೆ ಅಲೆಯ ಎತ್ತರ ಅರ್ಧವಾಗುತ್ತದೆ, ಆದರೂ ಆಡುವವನಿಗೆ ಯಾರೋ ತಗ್ಗಿಸಿದರು ಅಂತ ತಿಳಿಯುವುದಿಲ್ಲ, ಮಾತು ಸ್ಪಷ್ಟವಾಯಿತು ಅಂತ ಮಾತ್ರ ತಿಳಿಯುತ್ತದೆ. ನಮ್ಮ ಕಿವಿ 2,000ದಿಂದ 5,000 ಹರ್ಟ್ಸ್ ನಡುವೆ ಬಹಳ ಚುರುಕು. ಎಚ್ಚರಿಕೆಯ ಬೀಪ್ ಅಲ್ಲಿರಲಿ, ಬೇರೆ ಯಾರೂ ಆ ಜಾಗವನ್ನು ಆಕ್ರಮಿಸದಿರಲಿ.

ಕ್ಯಾಮೆರಾ ಅಲುಗಾಡಿಸುವುದರ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಪ್ರತಿ ಹೆಜ್ಜೆಗೂ ಕ್ಯಾಮೆರಾ ಕುಲುಕಿಸುವುದು ಸೋಮಾರಿತನ, ಅದನ್ನು ಬಿಡಿ. ತಲೆ ಸುತ್ತುವವರಿಗೆ ಅದು ಹಿಂಸೆಯೂ ಹೌದು.

ಈಗ ನಮ್ಮ ಹುಡುಗರು ನಿಜವಾಗಿ ಎದುರಿಸುವ ತೊಡಕು. ನಮ್ಮಲ್ಲಿ ಬಹಳ ಮಂದಿ ಗೇಮ್ ಆಡುವುದು ಮೊಬೈಲಿನಲ್ಲಿ. ಮೊಬೈಲಿನ ಸ್ಪೀಕರ್ ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನದನ್ನು ಹೊರಡಿಸುವುದೇ ಇಲ್ಲ. ನೀವು ಕಷ್ಟಪಟ್ಟು 50 ಹರ್ಟ್ಸ್‌ನಲ್ಲಿ ಮಾಡಿದ ‘ಧಡ್’ ಅಲ್ಲಿ ಸೊನ್ನೆ. ಇದಕ್ಕೆ ಮಿದುಳೇ ಒಂದು ದಾರಿ ಕೊಟ್ಟಿದೆ. 50ರ ಗುಣಕಗಳನ್ನು, ಅಂದರೆ 300, 350, 400, 450 ಹರ್ಟ್ಸ್ ಸ್ವರಗಳನ್ನು ಒಟ್ಟಿಗೆ ಕೇಳಿಸಿದರೆ, ಅವುಗಳ ನಡುವಿನ 50ರ ಅಂತರವನ್ನು ಹಿಡಿದು, ಇಲ್ಲದ 50 ಹರ್ಟ್ಸ್ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಮಂದ್ರದ ಸದ್ದಿಗೆ ಸ್ವಲ್ಪ ಡಿಸ್ಟಾರ್ಶನ್ ಕೊಟ್ಟು, ಅಂದರೆ ಅಲೆಯ ಆಕಾರವನ್ನು ಬೇಕೆಂದೇ ಕೆಡಿಸಿ, ಮೇಲಿನ ಗುಣಕಗಳನ್ನು ಹುಟ್ಟಿಸಿ. ಮೊಬೈಲಿನಲ್ಲೂ ತೂಕ ಬರುತ್ತದೆ. ದೊಡ್ಡ ಸ್ಪೀಕರ್ ಇರುವವರಿಗೆ ನಿಜವಾದ 50 ಹರ್ಟ್ಸ್ ಕೂಡ ಸಿಗುತ್ತದೆ, ಮೈಗೆ ತಾಗುತ್ತದೆ. ಆನೆಗಳು ತಮ್ಮತಮ್ಮಲ್ಲಿ ಮಾತಾಡುವ ಸದ್ದಿನಲ್ಲಿ ಒಂದಷ್ಟು ಭಾಗ 20 ಹರ್ಟ್ಸ್‌ಗಿಂತಲೂ ಕೆಳಗೆ ಇರುತ್ತದೆ ಅಂತ 1980ರ ದಶಕದಲ್ಲಿ ಕಂಡುಕೊಂಡ ಕ್ಯಾಥರೀನ್ ಪೇನ್ ಅವರಿಗೆ ಮೊದಲು ಸುಳಿವು ಸಿಕ್ಕಿದ್ದೂ ಕಿವಿಯಿಂದಲ್ಲ. ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಮೈಗೆ ತಾಗಿದ ಒಂದು ಮಿಡಿತದಿಂದ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳನ್ನು ತೆಗೆದುಕೊಂಡೆ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: “ಕಿವಿ ಕೇಳದವರು ಈ ಆಟ ಹೇಗೆ ಆಡಬೇಕು? ನೀವು ಎಲ್ಲವನ್ನೂ ಕಿವಿಗೇ ಕೊಟ್ಟುಬಿಟ್ಟಿರಿ.”

ನ್ಯಾಯವಾದ ಪ್ರಶ್ನೆ, ಸರ್. ಆಟಕ್ಕೆ ಬೇಕೇ ಬೇಕಾದ ಯಾವ ಸುದ್ದಿಯೂ ಸದ್ದಿನಲ್ಲಿ ಮಾತ್ರ ಇರಬಾರದು. ಕ್ಷಿಪಣಿ ಬರುವ ಬೀಪ್ ಜೊತೆಗೆ ಯಾವ ದಿಕ್ಕಿನಿಂದ ಅಂತ ಪರದೆಯ ಅಂಚಿನಲ್ಲಿ ಕೆಂಪು ಗುರುತು ಇರಬೇಕು, ಮಾತಿಗೆ ಅಕ್ಷರ ಇರಬೇಕು, ಕಂಟ್ರೋಲರ್ ಕಂಪನಕ್ಕೂ ಆಗಲೇ ಹೇಳಿದ ‘ಟಕ್’, ‘ಧಡ್’ ಸರದಿಯನ್ನೇ ಕೊಡಬೇಕು. ಸ್ಪೀಕರ್ ಬಂದ್ ಮಾಡಿ ಪೂರ್ತಿ ಆಡಿ ನೋಡದೆ ಯಾವ ಗೇಮನ್ನೂ ಬಿಡುಗಡೆ ಮಾಡಬೇಡಿ.

ಮಂಡ್ಯದಿಂದ ಬಂದಿದ್ದ ವಿದ್ಯಾರ್ಥಿನಿ ಕೊನೆಯ ಪ್ರಶ್ನೆ ಕೇಳಿದಳು: “ಸರ್, ನಾವು ಮೂರು ಜನ ಸೇರಿ ಒಂದು ಮೆಕ್ ಗೇಮ್ ಮಾಡ್ತಿದ್ದೀವಿ. ಸೌಂಡ್ ಲೈಬ್ರರಿ ಕೊಳ್ಳೋಕೆ ದುಡ್ಡಿಲ್ಲ. ಸದ್ದು ಎಲ್ಲಿಂದ ತರೋದು?”

ಊರಿಗೆ ವಾಪಸ್ ಹೋಗಮ್ಮ, ದಾರಿಯುದ್ದಕ್ಕೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಏರ್ ಬ್ರೇಕ್ ಬಿಡುವ ‘ಪುಸ್’ ಸದ್ದು ನಿಮ್ಮ ಯಂತ್ರದ ಕೀಲು. ಜೆಸಿಬಿಯ ತೋಳು ಏರುವ ಸದ್ದು ಮೊಣಕಾಲು. ಅಂಗಡಿಯ ರೋಲಿಂಗ್ ಶಟರ್ ಹೆಗಲಿನ ಕವಚ. ಎಲ್ಲಕ್ಕಿಂತ ಒಳ್ಳೆಯದು ಆಲೆಮನೆ. ಡೀಸೆಲ್ ಎಂಜಿನ್ನಿನಲ್ಲಿ ಓಡುವ ಗಾಣ ಹುಡುಕು. ಗಾಣ ಖಾಲಿ ತಿರುಗುವಾಗ ಎಂಜಿನ್ ಒಂದು ಶ್ರುತಿಯಲ್ಲಿರುತ್ತದೆ. ಕಬ್ಬಿನ ಜಲ್ಲೆ ತುರುಕಿದ ಕೂಡಲೇ ಅದರ ಸದ್ದು ತಗ್ಗುತ್ತದೆ, ಒದ್ದಾಡುತ್ತದೆ, ಕಬ್ಬು ಆಚೆ ಬಂದಮೇಲೆ ಮತ್ತೆ ಏರುತ್ತದೆ. ಹೊರೆ ಬಿದ್ದ ಯಂತ್ರದ ಸದ್ದು ಅದೇ. ನಿಮ್ಮ ಮೆಕ್ ಕಾಲೂರುವಾಗ ಮೋಟರಿನ ಶ್ರುತಿ ಹಾಗೇ ತಗ್ಗಬೇಕು. ಜಲ್ಲೆ ಒಂದು ಕೊಟ್ಟಾಗ, ಮೂರು ಕೊಟ್ಟಾಗ, ಒಂದು ಹಿಡಿ ಕೊಟ್ಟಾಗ ಬೇರೆ ಬೇರೆ ರೆಕಾರ್ಡ್ ಮಾಡಿಕೊ. ಹಗುರ ಯಂತ್ರ, ನಡು ಯಂತ್ರ, ಭಾರಿ ಯಂತ್ರ ಮೂರಕ್ಕೂ ಆಗುತ್ತದೆ.

ರೆಕಾರ್ಡರಿನಲ್ಲಿ 96 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 96,000 ಸಲ ಸದ್ದನ್ನು ಅಳೆಯುವ ಸೌಲಭ್ಯ ಇದ್ದರೆ ಅದರಲ್ಲೇ ತೆಗೆ. ಆಮೇಲೆ ಅರ್ಧ ವೇಗಕ್ಕೆ ಇಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿದು ಯಂತ್ರ ದೊಡ್ಡದಾಗುತ್ತದೆ. ಮೈಕು ಅಷ್ಟು ಮೇಲಿನದನ್ನು ಹಿಡಿಯುವಂಥದ್ದಾದರೆ ತಾರಕವೂ ಸತ್ತುಹೋಗುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪೀಝೋ ಬಿಲ್ಲೆ ಅಗ್ಗಕ್ಕೆ ಸಿಗುತ್ತದೆ, ವೈರು ಬೆಸೆದು ಗಾಣದ ಚೌಕಟ್ಟಿಗೆ ಅಂಟಿಸು, ಕ್ಯಾಬಿನ್ನಿನ ಒಳಗಿಂದ ಕೇಳುವ ಸದ್ದು ನೇರವಾಗಿ ಸಿಗುತ್ತದೆ. ತಿರುಗುವ ಚಕ್ರದ ಹತ್ತಿರ ದುಪಟ್ಟಾ, ವೈರು ಯಾವುದೂ ಜೋತಾಡದಂತೆ ನೋಡಿಕೊ. ಆಲೆಮನೆಯವರನ್ನು ಮೊದಲೇ ಕೇಳಿ ಹೋಗು, ಕೆಲಸದ ಹೊತ್ತಿನಲ್ಲಿ ಅಡ್ಡ ನಿಲ್ಲಬೇಡ. ಪ್ರತಿ ಫೈಲಿಗೂ ಆವತ್ತೇ ಹೆಸರಿಟ್ಟುಬಿಡು, ಯಾವ ಯಂತ್ರ, ಎಷ್ಟು ಜಲ್ಲೆ, ಮೈಕು ಎಷ್ಟು ದೂರ ಅಂತ. ಮೊದಲ ಹೆಜ್ಜೆಯ ಸದ್ದು ಜೋಡಿಸಿದ ಮೇಲೆ ಚಿತ್ರದ ಜೊತೆ ನನಗೆ ಕಳಿಸು, ಎಲ್ಲಿ ಎಷ್ಟು ಫ್ರೇಮ್ ತಡ ಬೇಕು ಅಂತ ಕೂತು ನೋಡೋಣ.